ಫೈನಲ್‌ನಲ್ಲಿ ಗೋಲು ಹೊಡೆದವರು

ಕೇಳುಗರಿಗೆ ನಮಸ್ಕಾರ.

1986ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ಅನ್ನು ಟೀವಿಯಲ್ಲಿ ನೋಡಿದವರು ನಿಮಗೆ ಪರಿಚಯವಿದ್ದರೆ ಅವರನ್ನು ಒಂದು ಮಾತು ಕೇಳಿ. ಆ ದಿನ ಅರ್ಜೆಂಟೀನಾ ಮೂರು ಗೋಲು ಹೊಡೆದು ಗೆದ್ದಿತಲ್ಲ, ಹೊಡೆದವರು ಯಾರು? ನಾನು ಕೇಳಿದವರಲ್ಲಿ ಹೆಚ್ಚಿನವರು ಯೋಚನೆಯನ್ನೇ ಮಾಡದೆ "ಮರಡೋನಾ" ಎಂದರು. ಮತ್ತೊಂದೆರಡು ಹೆಸರು ಕೇಳಿದರೆ ತಲೆ ಕೆರೆದುಕೊಂಡರು.

ಮರಡೋನಾ ಫೈನಲ್‌ನಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ. ಮೊದಲನೆಯದು ಹೋಸೆ ಲೂಯಿಸ್ ಬ್ರೌನ್ ಹೊಡೆದದ್ದು. ಎರಡನೆಯದು ಹೋರ್ಹೆ ವಾಲ್ದಾನೊ. ಮೂರನೆಯದು, ಕಪ್ ತಂದುಕೊಟ್ಟದ್ದು, ಹೋರ್ಹೆ ಬುರುಚಾಗಾ. ಈ ಮೂವರ ಬಗ್ಗೆ ಮಾತಾಡಬೇಕು ಅಂತಲೇ ನಾನು ಇವತ್ತು ಇಲ್ಲಿ ಬಂದು ಕೂತಿದ್ದೇನೆ. ಆದರೆ ಆ ರಾತ್ರಿಯನ್ನು ನಾವು ಹೇಗೆ ನೋಡಿದೆವು ಅನ್ನುವುದನ್ನು ಮೊದಲು ಹೇಳದಿದ್ದರೆ, ಇವರು ಯಾಕೆ ನಮ್ಮ ನೆನಪಿನಿಂದ ಜಾರಿಹೋದರು ಅನ್ನುವುದು ಅರ್ಥವಾಗುವುದಿಲ್ಲ.

ಫೈನಲ್ ನಡೆದದ್ದು ಜೂನ್ 29, ಭಾನುವಾರ. ಮೆಕ್ಸಿಕೊ ಸಿಟಿಯ ಅಜ್ಟೆಕಾ ಸ್ಟೇಡಿಯಂನಲ್ಲಿ. ಒಳಗೆ 1,14,600 ಜನ. ಎದುರಾಳಿ ಪಶ್ಚಿಮ ಜರ್ಮನಿ. ಅಲ್ಲಿ ಮಟಮಟ ಮಧ್ಯಾಹ್ನ 12 ಗಂಟೆ, ನಮಗೆ ರಾತ್ರಿ ಹನ್ನೊಂದೂವರೆ. ಅದು ಸಮುದ್ರಮಟ್ಟದಿಂದ 2,200 ಮೀಟರ್ ಎತ್ತರದಲ್ಲಿರುವ ಊರು. ಸುಮ್ನೆ ನಡೆದರೂ ಹೊರಗಿನವರಿಗೆ ಉಸಿರು ಕಟ್ಟುತ್ತದೆ. ಅಂಥ ಕಡೆ ನೆತ್ತಿ ಸುಡುವ ಹೊತ್ತಿನಲ್ಲಿ ಆಡಿಸಿದ್ದು ಯೂರೋಪಿನ ಜನ ಸಂಜೆ ಮನೆಯಲ್ಲಿ ಕೂತು ಟೀವಿ ನೋಡಲಿ ಎಂದು. ಮರಡೋನಾ ಮತ್ತು ವಾಲ್ದಾನೊ ಇದನ್ನು ಬಾಯಿಬಿಟ್ಟು ವಿರೋಧಿಸಿದ್ದರು. ಅವರ ಮಾತು ನಡೆಯಲಿಲ್ಲ.

ಆಗ ಮೈದಾನದ ಮಧ್ಯದಲ್ಲಿ ಒಂದು ದೊಡ್ಡ ನೆರಳು ಬೀಳುತ್ತಿತ್ತು, ನೆನಪಿದೆಯಾ? ಜೇಡರ ಹುಳದ ಹಾಗೆ ಕಾಲು ಚಾಚಿಕೊಂಡ ನೆರಳು. ಅದು ಮೈದಾನದ ಮೇಲೆ ತಂತಿಗಳಲ್ಲಿ ತೂಗುಹಾಕಿದ್ದ ಧ್ವನಿವರ್ಧಕಗಳದ್ದು. ಸೂರ್ಯ ನೆತ್ತಿಯ ಮೇಲಿದ್ದದ್ದಕ್ಕೇ ಅದು ಸರಿಯಾಗಿ ನಡುವೃತ್ತದ ಹತ್ತಿರ ಬೀಳುತ್ತಿತ್ತು. ಆ ವಿಶ್ವಕಪ್ ನೋಡಿದವರಿಗೆ ಗೋಲುಗಳು ಮರೆತಿರಬಹುದು, ಆ ನೆರಳು ಮರೆತಿಲ್ಲ. ಹಾಗೆಯೇ ಪ್ರೇಕ್ಷಕರು ಸಾಲುಸಾಲಾಗಿ ಎದ್ದು ಕೂತು ಎಬ್ಬಿಸುತ್ತಿದ್ದ ಅಲೆ. ಅದನ್ನು ಜಗತ್ತಿಗೆಲ್ಲ ಕಲಿಸಿದ್ದು ಮೆಕ್ಸಿಕೊದ ಆ ಒಂದು ತಿಂಗಳ ಟೀವಿ. ಆಮೇಲೆ ಅದು ನಮ್ಮ ಕ್ರಿಕೆಟ್ ಮೈದಾನಗಳಿಗೂ ಬಂತು.

ನಾವು ಬೆಂಗಳೂರಿನ ಹಲಸೂರು ಕಡೆ ಒಂದು ವಠಾರದಲ್ಲಿದ್ದೆವು. ನಾನು ಹೈಸ್ಕೂಲು ಹುಡುಗಿ. ಆ ಭಾಗದಲ್ಲಿ ಫುಟ್‌ಬಾಲ್ ಅಂದರೆ ಹೊರಗಿನ ಆಟವಲ್ಲ. ದಂಡು ಪ್ರದೇಶದ ಬೀದಿಗಳಿಗೆ ಅದು ಬ್ರಿಟಿಷ್ ಸೈನಿಕರ ಕಾಲದಿಂದಲೇ ಬಂದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆಸ್ಟಿನ್ ಟೌನ್, ಗೌತಮಪುರ ಎಂದರೆ ಇವತ್ತಿಗೂ ಫುಟ್‌ಬಾಲ್ ಊರುಗಳೇ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಅಷ್ಟು ಹೇಳಿದ ಮೇಲೆ ನಮ್ಮ ಕಡೆಯವರು ಯಾವ ತಂಡದ ಪರ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ಬ್ರೆಜಿಲ್. ಪೂರ್ತಿ ಬೀದಿಗೆ ಬ್ರೆಜಿಲ್.

ಹಾಗಿದ್ದವರು ಅರ್ಜೆಂಟೀನಾ ಕಡೆ ತಿರುಗಿದ್ದು ಒಂದೇ ವಾರಾಂತ್ಯದಲ್ಲಿ. ಜೂನ್ 21, ಶನಿವಾರ ರಾತ್ರಿ ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್ ಫ್ರಾನ್ಸ್‌ಗೆ ಸೋತಿತು. ಆಟದ ನಡುವೆ ಸಿಕ್ಕಿದ ಪೆನಾಲ್ಟಿಯನ್ನು ಜೀಕೊ ಕಳೆದ. ಕೊನೆಯ ಪೆನಾಲ್ಟಿಗಳಲ್ಲಿ ಸಾಕ್ರೆಟೀಸ್ ಕಳೆದ. ವಠಾರದ ದೊಡ್ಡವರು ಎದ್ದು ಹೋಗುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾರನೆ ರಾತ್ರಿ ಅದೇ ಹನ್ನೊಂದೂವರೆಗೆ ಅರ್ಜೆಂಟೀನಾ ಮತ್ತು ಇಂಗ್ಲೆಂಡ್. ಮರಡೋನಾ ಕೈಯಿಂದ ಹೊಡೆದ ಗೋಲು, ನಾಲ್ಕೇ ನಿಮಿಷದಲ್ಲಿ ತನ್ನ ಅರ್ಧದಿಂದ ಹೊರಟು ಇಂಗ್ಲೆಂಡಿನ ಆಟಗಾರರನ್ನು ಒಬ್ಬೊಬ್ಬರಾಗಿ ದಾಟಿ ಹೊಡೆದ ಗೋಲು. ಶನಿವಾರ ಅನಾಥರಾದವರಿಗೆ ಭಾನುವಾರ ಒಬ್ಬ ಸಿಕ್ಕಿಬಿಟ್ಟ. ಸೋಮವಾರ ಲೀಡ್ಸ್‌ನಲ್ಲಿ ಕಪಿಲ್ ದೇವ್ ತಂಡ ಇಂಗ್ಲೆಂಡನ್ನು ಸೋಲಿಸಿ ಟೆಸ್ಟ್ ಸರಣಿಯನ್ನೂ ಗೆದ್ದಿತು. ಆ ವಾರ ನಮ್ಮ ಬೀದಿ ನಿದ್ದೆಗೆಟ್ಟಿತ್ತು, ಆದರೆ ಯಾರೂ ಸೊರಗಿರಲಿಲ್ಲ. ಕಲ್ಕತ್ತೆಯಲ್ಲಿ, ಕೇರಳದಲ್ಲಿ ಇವತ್ತು ಬ್ರೆಜಿಲ್‌ಗೆ ಸಮಸಮನಾಗಿ ಅರ್ಜೆಂಟೀನಾ ಅಭಿಮಾನಿಗಳಿದ್ದಾರಲ್ಲ, ಅದರ ಬೇರು ಆ ಜೂನ್ ತಿಂಗಳಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಇಲ್ಲಿ ರೇಡಿಯೊದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲೆಂಡ್ ವಿರುದ್ಧದ ಆ ಎರಡನೇ ಗೋಲಿನ ಚಿತ್ರ ಇವತ್ತು ಎಲ್ಲಿ ನೋಡಿದರೂ ಅದರ ಜೊತೆ ಸ್ಪ್ಯಾನಿಷ್‌ನಲ್ಲಿ ಒಬ್ಬರು ಕೂಗುತ್ತಾ, ಅಳುತ್ತಾ ಮಾತಾಡುವುದು ಕೇಳಿಸುತ್ತದೆ. ಯಾವ ಗ್ರಹದಿಂದ ಬಂದೆಯೋ ಎಂದು ಅವರು ಮರಡೋನಾನನ್ನು ಕೇಳುತ್ತಾರೆ. ಅವರು ವಿಕ್ತೋರ್ ಹ್ಯೂಗೊ ಮೊರಾಲೆಸ್, ಉರುಗ್ವೆಯಲ್ಲಿ ಹುಟ್ಟಿದವರು. ಅದು ಟೀವಿ ಕಾಮೆಂಟ್ರಿ ಅಲ್ಲ, ರೇಡಿಯೊ ಕಾಮೆಂಟ್ರಿ. ಟೀವಿಯ ಚಿತ್ರಕ್ಕೆ ರೇಡಿಯೊದ ದನಿಯನ್ನು ಆಮೇಲೆ ಜೋಡಿಸಿದ್ದು. ಭಾರತದಲ್ಲಿ ಟೀವಿ ನೋಡಿದ ಎಷ್ಟೋ ಜನ "ಆ ದನಿಯನ್ನು ಅವತ್ತೇ ಕೇಳಿದ್ದೆ" ಎನ್ನುತ್ತಾರೆ. ಕೇಳಿರಲು ಸಾಧ್ಯವಿಲ್ಲ. ಆಮೇಲೆ ಕಂಡದ್ದು, ಕೇಳಿದ್ದು ಹೀಗೆ ಮೊದಲ ನೆನಪಿನೊಳಗೆ ಬಂದು ಸೇರಿಕೊಳ್ಳುತ್ತದೆ. ಕ್ವಾರ್ಟರ್ ಫೈನಲ್‌ನ ಗೋಲುಗಳು ಜಾರಿಕೊಂಡು ಫೈನಲ್‌ಗೆ ಬಂದು ಕೂತದ್ದೂ ಹೀಗೆಯೇ.

ಫೈನಲ್ ರಾತ್ರಿಗೆ ಬರುತ್ತೇನೆ. ವಠಾರದಲ್ಲಿ ಟೀವಿ ಇದ್ದದ್ದು ಓನರ್ ಮನೆಯಲ್ಲಿ ಮಾತ್ರ. ಮರದ ಪೆಟ್ಟಿಗೆ, ಎಳೆದು ಮುಚ್ಚುವ ಶಟರ್, ಕಪ್ಪು ಬಿಳುಪು ಪರದೆ. ದೇಶದಲ್ಲಿ ಬಣ್ಣದ ಪ್ರಸಾರ 1982ರಲ್ಲೇ ಶುರುವಾಗಿತ್ತು, ನಮ್ಮ ವಠಾರಕ್ಕೆ ಬಣ್ಣ ಇನ್ನೂ ಬಂದಿರಲಿಲ್ಲ. ಮಾಮೂಲು ದಿನ ಅಷ್ಟು ಹೊತ್ತಿಗೆ ಊಟ ಮುಗಿಸಿ ಎಲ್ಲರೂ ಮಲಗಿಬಿಟ್ಟಿರುತ್ತಿದ್ದರು. ಅವತ್ತು ಓನರ್ ಆಂಟಿ ಹಾಲ್‌ನಲ್ಲಿ ಚಾಪೆ, ಜಮಖಾನ ಹಾಸಿಟ್ಟಿದ್ದರು. ಮಕ್ಕಳು ಮುಂದೆ, ಹೆಂಗಸರು ಗೋಡೆಗೆ ಒರಗಿ, ಗಂಡಸರು ಬಾಗಿಲಲ್ಲಿ, ಕಿಟಕಿಯಲ್ಲಿ. ತಮಿಳು, ಕನ್ನಡ, ಉರ್ದು, ಇಂಗ್ಲಿಷ್ ಎಲ್ಲ ಒಂದೇ ಹಾಲ್‌ನಲ್ಲಿ. ನನ್ನ ಅಜ್ಜಿಗೆ ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಹುಡುಗಿಯನ್ನು ಅಷ್ಟು ಹೊತ್ತಿನಲ್ಲಿ ಒಬ್ಬಳೇ ಕಳಿಸುವುದಿಲ್ಲ ಎಂದು ಅವರೂ ಬಂದು ಕೂತಿದ್ದರು. ಜೂನ್ ತಿಂಗಳ ಗಾಳಿಗೆ ತಾರಸಿಯ ಆಂಟೆನಾ ತಿರುಗಿಬಿಡುತ್ತಿತ್ತು. ಮೇಲೊಬ್ಬ ಹುಡುಗ, ಮೆಟ್ಟಿಲಲ್ಲೊಬ್ಬ.

"ಬಂತಾ?"

"ಗ್ರೇನ್ಸ್ ಬರ್ತಿದೆ, ಇನ್ನೂ ಸ್ವಲ್ಪ ತಿರುಗ್ಸು!"

"ಈಗ?"

"ಬಿಡು ಬಿಡು, ಮುಟ್ಬೇಡ!"

ಅರ್ಜೆಂಟೀನಾದ್ದು ಪಟ್ಟೆ ಅಂಗಿ. ಜರ್ಮನಿಯದು ಪರದೆಯ ಮೇಲೆ ಬರೀ ಕಪ್ಪಗೆ ಕಾಣುತ್ತಿತ್ತು. ಅವರು ಅವತ್ತು ಹಸಿರು ತೊಟ್ಟಿದ್ದರು ಅನ್ನುವುದು ಆಮೇಲೆ ಕ್ರೀಡಾ ಪತ್ರಿಕೆಯ ಬಣ್ಣದ ಪುಟ ನೋಡಿದಾಗಲೇ ತಿಳಿದದ್ದು.

ಎಲ್ಲರ ಕಣ್ಣೂ ಮರಡೋನಾ ಮೇಲೆ. ಕ್ಯಾಮೆರಾದ ಕಣ್ಣೂ ಅವನ ಮೇಲೆಯೇ. ಜರ್ಮನಿಯ ಕೋಚ್ ಬೆಕೆನ್‌ಬಾವರ್‌ಗೆ ಅದು ಗೊತ್ತಿತ್ತು. ಮರಡೋನಾನನ್ನು ಬಿಡದೆ ಕಾಯಲು ಲೋಥರ್ ಮಥಾಯಸ್‌ನನ್ನು ನಿಲ್ಲಿಸಿದರು. ಮಥಾಯಸ್ ಒಳ್ಳೆಯ ಆಟಗಾರ, ಕೆಲಸವನ್ನು ಚೆನ್ನಾಗಿಯೇ ಮಾಡಿದ. ಆದರೆ ಒಬ್ಬನನ್ನು ಹೀಗೆ ಕಾಯುತ್ತಾ ನಿಂತಾಗ ಉಳಿದವರಿಗೆ ಜಾಗ ಸಿಗುತ್ತದೆ. 23ನೇ ನಿಮಿಷದಲ್ಲಿ ಬುರುಚಾಗಾ ಬಲಗಡೆಯಿಂದ ಫ್ರೀ ಕಿಕ್ ಹೊಡೆದ. ಗೋಲ್‌ಕೀಪರ್ ಶೂಮಾಕರ್ ಮುಂದೆ ಬಂದು ಚೆಂಡು ತಪ್ಪಿಸಿಕೊಂಡ. ಬ್ರೌನ್ ಹಾರಿ ತಲೆಯಿಂದ ಹೊಡೆದ. ನಮ್ಮ ಹಾಲ್‌ನಲ್ಲಿ ಎಲ್ಲರೂ ಕೇಳಿದ ಮಾತು ಒಂದೇ: "ಯಾರದು?"

ದ್ವಿತೀಯಾರ್ಧದ ಶುರುವಿನಲ್ಲಿ ಎನ್ರಿಕೆ ಕೊಟ್ಟ ಚೆಂಡನ್ನು ಹಿಡಿದು ವಾಲ್ದಾನೊ ಎರಡನೆಯದನ್ನು ನಿಧಾನವಾಗಿ, ನೋಡಿಕೊಂಡು ಮೂಲೆಗೆ ತಳ್ಳಿದ. ಆಟ ಮುಗಿಯಿತು ಎಂದು ಇಬ್ಬರು ಮೂವರು ಎದ್ದು ಮನೆಗೂ ಹೋದರು. ಬೆಳಗಾದರೆ ಸೋಮವಾರ, ಫ್ಯಾಕ್ಟರಿ ಶಿಫ್ಟ್. 74ನೇ ನಿಮಿಷದಲ್ಲಿ ಜರ್ಮನಿಗೆ ಒಂದು ಕಾರ್ನರ್, ರುಮ್ಮೆನಿಗೆ ಜಾರಿಕೊಂಡು ಬಂದು ಒಳಗೆ ತಳ್ಳಿದ. ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ಅದೇ ಕಡೆಯಿಂದ ಮತ್ತೊಂದು ಕಾರ್ನರ್, ಫೋಲರ್ ತಲೆಯಿಂದ ಹೊಡೆದ. ಎರಡು ಎರಡು. ಗದ್ದಲಕ್ಕೆ ಹೋದವರೂ ಓಡಿ ಬಂದರು. ಅಜ್ಜಿ ನನ್ನ ತೋಳು ಹಿಡಿದು "ಏನಾಯ್ತೇ, ಯಾಕೆ ಎಲ್ಲಾ ಹೀಗೆ ಕೂತ್ರು?" ಎಂದು ಕೇಳಿದರು. ಉತ್ತರ ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಆಟ ಮುಗಿಯಲು ಆರೇಳು ನಿಮಿಷ. ನಡುಮೈದಾನದಲ್ಲಿ ಮರಡೋನಾ. ಸುತ್ತ ಜರ್ಮನರು. ಚೆಂಡು ನೆಲಕ್ಕೆ ಪುಟಿದದ್ದೇ ತಡ, ಅವನು ತಲೆಯೆತ್ತಿಯೂ ನೋಡದ ಹಾಗೆ ಎಡಗಾಲಿನಿಂದ ಅದನ್ನು ಮುಂದಕ್ಕೆ ತಟ್ಟಿದ. ಅಷ್ಟೇ ಅವನ ಕೆಲಸ. ಅಲ್ಲಿಂದ ಬುರುಚಾಗಾ ಓಡಿದ. ಹಿಂದೆ ಬ್ರೀಗೆಲ್, ದೈತ್ಯ ಮನುಷ್ಯ, ಬೆನ್ನು ಬಿಡದೆ. ಆ ಎತ್ತರದಲ್ಲಿ, ಆ ಬಿಸಿಲಲ್ಲಿ, ಎಂಬತ್ತು ನಿಮಿಷ ಆಡಿ ದಣಿದ ಕಾಲುಗಳಲ್ಲಿ ಆ ಓಟ. ನಮ್ಮ ಹಾಲ್‌ನಲ್ಲಿ ಉಸಿರೂ ಇಲ್ಲ. ಶೂಮಾಕರ್ ಮುಂದೆ ಬಂದ, ಬುರುಚಾಗಾ ಚೆಂಡನ್ನು ಅವನ ಕೆಳಗಿಂದ ಉರುಳಿಸಿದ. ಆಮೇಲೆ ಯಾರು ಯಾರನ್ನು ತಬ್ಬಿಕೊಂಡರೋ ಗೊತ್ತಿಲ್ಲ. ಮೆಟ್ಟಿಲ ಮೇಲಿದ್ದ ಹುಡುಗ "ಗೋಲ್ ಆಯ್ತಾ? ಯಾರ್ದು? ಯಾರ್ದು?" ಎಂದು ಕೂಗುತ್ತಲೇ ಇದ್ದ.

ಆ ಗೋಲಿನ ಬಗ್ಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ಪಾಸ್ ಕೊಟ್ಟವನನ್ನು ಎಲ್ಲರೂ ಹಾಡಿ ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಓಡಿದವನ ಹೆಸರೂ ಗೊತ್ತಿರಬೇಡವೇ? ಅದೂ ನಮಗೆ! ಬುರುಚಾಗಾ ಭಾರತಕ್ಕೆ ಬಂದು ಆಡಿದ್ದ ಆಟಗಾರ. 1984ರ ಜನವರಿಯಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ನೆಹರು ಕಪ್ ನಡೆಯಿತು. ಕೋಚ್ ಕಾರ್ಲೋಸ್ ಬಿಲಾರ್ಡೊ ತನ್ನ ಅರ್ಜೆಂಟೀನಾ ತಂಡವನ್ನು ಕರೆತಂದಿದ್ದರು. ಭಾರತ ಅವರಿಗೆ ಸೋತದ್ದು ಬರೀ ಒಂದು ಗೋಲಿನಿಂದ. ಎರಡೂವರೆ ವರ್ಷದ ಹಿಂದೆ ನಮ್ಮ ಹುಲ್ಲಿನ ಮೇಲೆ ಓಡಿದ್ದವನೇ ಅಜ್ಟೆಕಾದಲ್ಲಿ ಓಡಿ ಕಪ್ ಗೆದ್ದುಕೊಟ್ಟ. ಕಲ್ಕತ್ತೆಯ ಹಳಬರು ಇದನ್ನು ಮರೆತಿಲ್ಲ. ಅಲ್ಲಿಯವರ ಫೈನಲ್ ನೆನಪಿನಲ್ಲಿ ಬುರುಚಾಗಾ ಇದ್ದಾನೆ.

ಇನ್ನು ಬ್ರೌನ್. ನನಗೆ ಆ ರಾತ್ರಿಯ ದೊಡ್ಡ ಆಟಗಾರ ಅವನೇ. ವಿಶ್ವಕಪ್‌ಗೆ ಹೊರಟಾಗ ಅವನಿಗೆ ಆಡಲು ಒಂದು ಕ್ಲಬ್ ಕೂಡ ಇರಲಿಲ್ಲ. 1978ರಲ್ಲಿ ಕಪ್ ಎತ್ತಿದ್ದ ನಾಯಕ ಡೇನಿಯಲ್ ಪಸ್ಸರೆಲ್ಲಾ ಮೆಕ್ಸಿಕೊದಲ್ಲಿ ಕಾಯಿಲೆ ಬಿದ್ದ. ಅವನ ಜಾಗದಲ್ಲಿ ಬ್ರೌನ್ ಆಡಿದ, ಕೊನೆಯವರೆಗೂ ಆಡಿದ. ಫೈನಲ್‌ನಲ್ಲಿ ಹೊಡೆದದ್ದೇ ದೇಶಕ್ಕಾಗಿ ಅವನು ಹೊಡೆದ ಒಂದೇ ಒಂದು ಗೋಲು. ದ್ವಿತೀಯಾರ್ಧದಲ್ಲಿ ಬಿದ್ದು ಭುಜದ ಕೀಲು ಜಾರಿತು. ಹೊರಗೆ ಬಾ ಎಂದರೆ ಬರಲಿಲ್ಲ. ಅಂಗಿಯನ್ನು ಹಲ್ಲಿನಿಂದ ಕಚ್ಚಿ ತೂತು ಮಾಡಿದ. ಆ ತೂತಿನಲ್ಲಿ ಬೆರಳು ಸಿಕ್ಕಿಸಿ, ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಉಳಿದ ಆಟವನ್ನೆಲ್ಲ ಆಡಿದ. ನಮ್ಮ ಓನರ್ ಮನೆಯ ಸಣ್ಣ ಪರದೆಯಲ್ಲಿ ಇದು ಕಾಣಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಪಂದ್ಯವನ್ನು ಮತ್ತೆ ನೋಡಿದಾಗ ನನಗೆ ಕಣ್ಣು ತುಂಬಿ ಬಂತು.

ಬ್ರೌನ್‌ಗೆ ಕೊನೆಯ ವರ್ಷಗಳಲ್ಲಿ ಅಲ್ಜೈಮರ್ ಕಾಯಿಲೆ ಬಂತು. 2019ರ ಆಗಸ್ಟ್‌ನಲ್ಲಿ ತೀರಿಕೊಂಡ. ಮರುವರ್ಷ ನವೆಂಬರ್ 25ಕ್ಕೆ ಮರಡೋನಾ ಹೋದಾಗ ಜಗತ್ತೇ ಅತ್ತಿತು. ನಮ್ಮ ಹಳೆಯ ವಠಾರದವರು ಎಲ್ಲೆಲ್ಲಿಂದಲೋ ಒಬ್ಬರಿಗೊಬ್ಬರು ಫೋನ್ ಮಾಡಿ ಆ ರಾತ್ರಿಯನ್ನೇ ಮಾತಾಡಿಕೊಂಡೆವು. ಬ್ರೌನ್ ಹೋದ ದಿನ ಯಾರ ಫೋನೂ ಬಂದಿರಲಿಲ್ಲ. ನನಗೆ ಅದು ಈಗಲೂ ಕಸಿವಿಸಿ. ಆ ಕಪ್ ಅನ್ನು ಮರಡೋನಾ ಒಬ್ಬನೇ ಗೆದ್ದ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿಯವರೆಗೆ ತಂಡವನ್ನು ತಂದವನು ಅವನು, ಅನುಮಾನವೇ ಇಲ್ಲ. ಸೆಮಿಫೈನಲ್‌ನಲ್ಲಿ ಬೆಲ್ಜಿಯಂ ವಿರುದ್ಧದ ಎರಡೂ ಗೋಲು ಅವನವೇ, ನಮಗೆ ಬೆಳಗಿನ ಜಾವ ಮೂರೂವರೆಗೆ ಶುರುವಾದ ಆಟ. ಆದರೆ ಫೈನಲ್ ಬೇರೆಯವರದು.

ಪೂರ್ತಿ ಪಂದ್ಯ ಈಗ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ನಿಮ್ಮ ಮನೆಯಲ್ಲಿ ಅವತ್ತು ಎದ್ದು ನೋಡಿದ ಅಪ್ಪನೋ, ಮಾವನೋ, ದೊಡ್ಡಮ್ಮನೋ ಇದ್ದರೆ ಅವರ ಜೊತೆ ಕೂತು ನೋಡಿ. ಐದನೇ ನಂಬರಿನ ಅಂಗಿ ಬ್ರೌನ್‌ನದು. ದ್ವಿತೀಯಾರ್ಧದಲ್ಲಿ ಅವನ ಕೈ ಎಲ್ಲಿದೆ ಎಂದು ಗಮನಿಸಿ. ಏಳನೇ ನಂಬರು ಬುರುಚಾಗಾ. ಮಧ್ಯೆ ಮಧ್ಯೆ ನಿಲ್ಲಿಸಿ, ಅವರಿಗೆ ಏನು ನೆನಪಿದೆ ಎಂದು ಕೇಳಿ. ಯಾರ ಮನೆಯಲ್ಲಿ ನೋಡಿದರು, ಪಕ್ಕದಲ್ಲಿ ಯಾರು ಕೂತಿದ್ದರು, ಎರಡು ಎರಡು ಆದಾಗ ಏನು ಮಾಡಿದರು. ಕೇಳಿದ್ದನ್ನು ನಮಗೆ ಬರೆದು ಕಳಿಸಿ.

ನಮಸ್ಕಾರ.