ಬಾಲದ ತುದಿಯಲ್ಲಿ ನಾಲ್ಕು ಹಲ್ಲು

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ಯುಗಾದಿಗೆ ಮುಂಚೆ ಚಿತ್ರದುರ್ಗದ ನಮ್ಮ ಮನೆಗೆ ಸುಣ್ಣ ಹೊಡೆಯಲು ಒಬ್ಬ ಹುಡುಗ ಬಂದಿದ್ದ. ಪಡಸಾಲೆಯ ಮೀಟರ್ ಪೆಟ್ಟಿಗೆಯ ಹಿಂದೆ ಅಂಟಿದ್ದ ಒಂದು ಮಣ್ಣಿನ ಮುದ್ದೆಯನ್ನು ಕರಣೆಯ ತುದಿಯಿಂದ ಎಬ್ಬಿಸಿ ನನ್ನ ಕೈಗೆ ಕೊಟ್ಟ. "ಮೇಷ್ಟ್ರೇ, ಕುಂಬಾರ ಹುಳದ ಮನೆ. ಒಳಗೆ ಏನೋ ಐತೆ ನೋಡ್ರಿ" ಅಂದ. ಐದು ಕೋಣೆಯ ಮನೆ. ಎರಡಕ್ಕೆ ಆಗಲೇ ತೂತು ಬಿದ್ದಿತ್ತು, ಮೂರು ಇನ್ನೂ ಮುಚ್ಚಿದ್ದವು. ಹಾರ್ಲಿಕ್ಸ್ ಬಾಟಲಿಯೊಂದರಲ್ಲಿ ಅದನ್ನಿಟ್ಟು, ಬಾಯಿಗೆ ತೆಳ್ಳನೆಯ ಪಂಚೆಯ ತುಂಡು ಕಟ್ಟಿ, ಪುಸ್ತಕದ ಗೂಡಿನ ಮೇಲೆ ಇಟ್ಟೆ.

ಹಬ್ಬ ಮುಗಿದ ಮೇಲೆ ಒಂದು ಬೆಳಗ್ಗೆ ನೋಡಿದರೆ ಬಾಟಲಿಯೊಳಗೆ ಕುಂಬಾರ ಹುಳ ಓಡಾಡುತ್ತಿತ್ತು. ಕಪ್ಪು ಮೈ, ಹಳದಿ ಕಾಲು, ದಾರದಂಥ ಸೊಂಟ. ಎರಡು ದಿನ ಬಿಟ್ಟು ಇನ್ನೊಂದು ಬಂತು. ಮೂರನೆಯ ಕೋಣೆ ಮಾತ್ರ ಸದ್ದಿಲ್ಲದೆ ಇತ್ತು. ಸತ್ತಿರಬೇಕು ಅಂದುಕೊಂಡೆ. ವಾರ ಕಳೆದ ಮೇಲೆ ಆ ಕೋಣೆಯ ಗೋಡೆಯನ್ನು ಕೊರೆದುಕೊಂಡು ಹೊರಗೆ ಬಂದದ್ದು ಕುಂಬಾರ ಹುಳ ಆಗಿರಲಿಲ್ಲ. ನವಿಲಿನ ಕತ್ತಿನ ಬಣ್ಣದ, ಗಟ್ಟಿ ಲೋಹದಿಂದ ಎರಕ ಹೊಯ್ದಂತಿದ್ದ ಒಂದು ಹುಳ. ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ಆದರೂ ಹೀಗೆ ಕಣ್ಣೆದುರಿಗೆ ಒಂದರ ಮನೆಯಿಂದ ಇನ್ನೊಂದು ಬಂದದ್ದನ್ನು ಅದೇ ಮೊದಲ ಸಲ ನೋಡಿದ್ದು.

ನಮ್ಮ ಸೀಮೆಯಲ್ಲಿ ಶ್ರಾವಣದ ಪುರಾಣ ಪ್ರವಚನ ಕೇಳಿದವರಿಗೆಲ್ಲ ಭ್ರಮರ-ಕೀಟ ನ್ಯಾಯ ಗೊತ್ತು. ಭ್ರಮರ ಒಂದು ಹುಳುವನ್ನು ಹಿಡಿದು ತಂದು ಗೂಡಿನಲ್ಲಿಟ್ಟು ಅದರ ಸುತ್ತ ಗುಂಯ್‌ಗುಡುತ್ತದೆ, ಹುಳು ಭ್ರಮರವನ್ನೇ ನೆನೆನೆನೆದು ತಾನೇ ಭ್ರಮರವಾಗುತ್ತದೆ, ಗುರುವಿನ ಸಂಗದಲ್ಲಿ ಶಿಷ್ಯನಾದವನು ಹೀಗೆ ಅಂತ. ಹಿರಿಯರು ಸುಮ್ಮನೆ ಕಟ್ಟಿದ ಮಾತಲ್ಲ ಇದು. ಹಸಿರು ಹುಳುವನ್ನು ಗೂಡಿಗೆ ತುಂಬುವುದನ್ನು ಅವರು ಕಂಡಿದ್ದರು. ಮಣ್ಣು ಮೆತ್ತುವಾಗ ಈ ಹುಳ ಮೈ ನಡುಗಿಸಿ ಗುಂಯ್‌ಗುಡುವುದು ನಿಜ, ಆ ನಡುಕದಿಂದಲೇ ಹಸಿ ಮಣ್ಣು ಸರಿಯಾಗಿ ಕೂರುತ್ತದೆ. ಅವರ ಕಣ್ಣಿಗೆ ಬೀಳದೆ ಹೋದದ್ದು ಒಂದು ಮೊಟ್ಟೆ ಮಾತ್ರ. ಮಡಕೆಯಾಕಾರದ ಗೂಡು ಕಟ್ಟುವ ಜಾತಿಗಳು ಕಂಬಳಿಹುಳುಗಳನ್ನು ತುಂಬುತ್ತವೆ, ನಮ್ಮ ಪಡಸಾಲೆಯ ಹಳದಿ ಕಾಲಿನದು ಜೇಡಗಳನ್ನು ತುಂಬುತ್ತದೆ. ಕುಟುಕಿ ಮರಗಟ್ಟಿಸಿದ, ಸಾಯದ ಜೇಡಗಳು. ಮೊಟ್ಟೆಯೊಡೆದ ಮರಿಗೆ ಅದೇ ಬುತ್ತಿ. ನನ್ನ ಬಾಟಲಿಯಲ್ಲಿ ಆದದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಜೇಡವನ್ನು ಕುಂಬಾರ ಹುಳದ ಮರಿ ತಿಂದಿತು, ಆ ಮರಿಯನ್ನು ಇನ್ನೊಂದರ ಮರಿ ತಿಂದಿತು.

ಆ ಇನ್ನೊಂದನ್ನು ನಾವು ಕೋಗಿಲೆ ಕಣಜ ಎಂದು ಕರೆಯಬಹುದು. ಕಣಜಗಳಲ್ಲಿ ಕ್ರಿಸಿಡಿಡೇ ಎಂಬ ಕುಟುಂಬದ್ದು. ಗ್ರೀಕಿನಲ್ಲಿ ಚಿನ್ನಕ್ಕೆ ಇರುವ ಮಾತಿನಿಂದ ಆ ಹೆಸರು ಬಂದಿದೆ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಹಾಗೆ ಇದು ಬೇರೆ ಕಣಜ, ಜೇನುಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಆದರೆ ನನಗೆ ಆ ಹೋಲಿಕೆ ಅರ್ಧ ಮಾತ್ರ ಒಪ್ಪಿಗೆ. ಕೋಗಿಲೆಯ ಮರಿ ಕಾಗೆ ತಂದ ತುತ್ತು ತಿಂದು ಬೆಳೆಯುತ್ತದೆ, ಕಾಗೆಯ ಮರಿಯನ್ನೇ ತಿನ್ನುವುದಿಲ್ಲ.

ಈಗ ಹುಳವನ್ನು ಗುರುತಿಸಿದ ಬಗೆಗೆ ಬರುತ್ತೇನೆ. ಬಾಟಲಿಯನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟೆ. ತಣ್ಣಗಾದರೆ ಹುಳ ಮಂಕಾಗಿ ಕೂರುತ್ತದೆ, ಬಿಸಿಲಿಗೆ ಬಂದರೆ ಮತ್ತೆ ಚುರುಕಾಗುತ್ತದೆ. ಬಿಳಿ ಹಾಳೆಯ ಮೇಲೆ ಬಿಟ್ಟು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಕೂತೆ.

ಮೊದಲು ಹೊಟ್ಟೆ. ಬೇರೆ ಕಣಜಗಳ ಹೊಟ್ಟೆಯಲ್ಲಿ ಆರೇಳು ಪಟ್ಟಿಗಳು ಕಾಣುತ್ತವೆ. ಇದಕ್ಕೆ ಮೂರೇ. ಉಳಿದ ಪಟ್ಟಿಗಳು ಒಳಗೆ ಸೇರಿಕೊಂಡು, ದೂರದರ್ಶಕದ ಕೊಳವೆಗಳ ಹಾಗೆ ಒಂದರೊಳಗೊಂದು ಜಾರುವ, ಮೊಟ್ಟೆಯಿಡುವ ಕೊಳವೆಯಾಗಿವೆ. ಹಾಗಾಗಿ ಇದರ ಕೊಂಡಿ ಹೆಸರಿಗಷ್ಟೇ, ನಮ್ಮನ್ನು ಕುಟುಕಲಾರದು. ಮೆಲ್ಲಗೆ ಮಗುಚಿದರೆ ಹೊಟ್ಟೆಯ ಅಡಿಭಾಗ ಉಬ್ಬಿಲ್ಲ, ಒಳಕ್ಕೆ ತಗ್ಗಾಗಿದೆ. ಯಾಕೆ ಅನ್ನುವುದನ್ನು ಹುಳವೇ ತೋರಿಸಿತು. ನನ್ನ ಕುಂಚದ ಎಳೆ ತಾಗಿದ್ದೇ ತಡ, ತಲೆ, ಕಾಲು, ಕುಡಿಮೀಸೆಗಳನ್ನೆಲ್ಲ ಆ ತಗ್ಗಿನೊಳಗೆ ಮಡಿಸಿಕೊಂಡು ಗೋಲಿಯಂತೆ ಉರುಳಿಬಿಟ್ಟಿತು. ಗೂಡಿನೊಡತಿ ಬಂದು ಕಚ್ಚಿದರೂ ಕುಟುಕಿದರೂ ಹಲ್ಲು ಹತ್ತುವ ಜಾಗ ಸಿಗದು. ಕೋಟೆಯ ಊರಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಕ್ಕೆ ಕುಟುಂಬ ತಿಳಿಯಿತು. ಜಾತಿ ಯಾವುದು? ಈ ಕುಟುಂಬದಲ್ಲಿ ಜಗತ್ತಿನಾದ್ಯಂತ ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಹಸಿರೋ ನೀಲಿಯೋ. ಎಲ್ಲರೂ ಇಲ್ಲೇ ಎಡವುವುದು. ಬಣ್ಣ ನೋಡಿ ಹೆಸರು ಹೇಳಲು ಹೋಗುತ್ತೇವೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಿಡಿದು ಆಡಿಸಿ ನೋಡಿದ್ದೀರಾ? ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಇದ್ದರೆ ಸೆರಗು ಒಮ್ಮೆ ಹಸಿರು, ಒಮ್ಮೆ ನೀಲಿ. ಕಣ್ಣಿಗೆ ಈ ಹುಳವೂ ಹಾಗೇ. ಆದರೆ ಸೀರೆಯಲ್ಲಿ ನಿಜವಾದ ಬಣ್ಣವಿದೆ, ನೂಲಿಗೆ ಅದ್ದಿದ್ದಾರೆ. ಹುಳದ ಹೊರಕವಚದಲ್ಲಿರುವುದು ತೀರಾ ತೆಳುವಾದ ಪದರಗಳು. ಸಾಬೂನಿನ ಗುಳ್ಳೆಯ ಮೇಲೆ, ಮಳೆನೀರಿಗೆ ಬಿದ್ದ ಎಣ್ಣೆಯ ಮೇಲೆ ಬಣ್ಣ ಹುಟ್ಟುವ ಹಾಗೆ ಬೆಳಕು ಈ ಪದರಗಳಲ್ಲಿ ಒಡೆದು ಹೊಳೆಯುತ್ತದೆ. ನೋಡುವ ಕೋನ ಬದಲಾದರೆ ಬಣ್ಣ ಬದಲು. ನಾನು ನೋಡುತ್ತಿದ್ದ ಜಾತಿಯಲ್ಲಂತೂ ಒಂದು ಹುಳ ಹಸಿರು, ಇನ್ನೊಂದು ಕಡುನೀಲಿ, ಮತ್ತೊಂದು ನೇರಳೆ.

ಆದ್ದರಿಂದ ಬಣ್ಣ ಬಿಟ್ಟು ಆಕಾರ ನೋಡಬೇಕು. ಮೈಯ ಮೇಲೆಲ್ಲ ಸಿಡುಬಿನ ಕಲೆಯಂಥ ಗುಳಿಗಳು. ಎದೆಯ ಹಿಂಭಾಗದಲ್ಲಿ, ಹೊಟ್ಟೆ ಶುರುವಾಗುವ ಮುಂಚೆ, ಹಿಂದಕ್ಕೆ ಚಾಚಿದ ಒಂದು ಮುಂಚಾಚು, ಅದರ ನಡು ಪುಟ್ಟ ಚಮಚದ ಹಾಗೆ ಹಳ್ಳವಾಗಿದೆ. ಇದನ್ನು ಪಕ್ಕದಿಂದ ನೋಡಬೇಕು, ಮೇಲಿನಿಂದ ತೆಗೆದ ಮೊಬೈಲ್ ಫೋಟೋದಲ್ಲಿ ಸಿಗುವುದಿಲ್ಲ. ಮೂರನೆಯ ಪಟ್ಟಿಯ ಅಂಚಿಗೆ ಮುಂಚೆ ಗುಳಿಗಳದ್ದೊಂದು ಸಾಲು. ಅಂಚಿನಲ್ಲಿ ಹಲ್ಲುಗಳು. ಎಣಿಸಿದೆ. ನಾಲ್ಕು. ಹುಳ ತಿರುಗಿಕೊಂಡಿತು, ಮತ್ತೆ ಎಣಿಸಿದೆ. ನಾಲ್ಕೇ. ತಲೆಯಿಂದ ತುದಿಯವರೆಗೆ ಅಳೆದರೆ 16 ಮಿಲಿಮೀಟರ್. ನಮ್ಮಲ್ಲಿ ಕಾಣುವ ಕೋಗಿಲೆ ಕಣಜಗಳ ನಡುವೆ ಇದು ಭಾರೀ ಆಳು.

ಇಷ್ಟು ಸೇರಿದಾಗ ಸಿಗುವ ಹೆಸರು ಸ್ಟಿಲ್ಬಮ್ ಸಯಾನೂರಮ್. ಮೊದಲ ಮಾತಿಗೆ ಹೊಳೆಯುವುದು ಎಂದೂ ಎರಡನೆಯದಕ್ಕೆ ನೀಲಿ ಬಾಲದ್ದು ಎಂದೂ ಅರ್ಥ. 1771ರಲ್ಲಿ ಇದನ್ನು ವಿವರಿಸಿದವರು ಫಾರ್ಸ್ಟರ್, ಮರುವರ್ಷ ಕ್ಯಾಪ್ಟನ್ ಕುಕ್ ಜೊತೆ ಹಡಗು ಹತ್ತಿದ ಅದೇ ನಿಸರ್ಗಶಾಸ್ತ್ರಜ್ಞ. ದಕ್ಷಿಣ ಯುರೋಪು, ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ ಎಲ್ಲೆಡೆ ಈ ಹುಳ ಹರಡಿದೆ. ನಮ್ಮ ದೇಶದ ಕೋಗಿಲೆ ಕಣಜಗಳನ್ನು 1903ರಲ್ಲಿ ಬಿಂಗ್‌ಹ್ಯಾಮ್ ಎಂಬ ಸೈನ್ಯಾಧಿಕಾರಿ ಇರುವೆಗಳ ಜೊತೆ ಒಂದೇ ಸಂಪುಟದಲ್ಲಿ ಸೇರಿಸಿ ಬರೆದಿಟ್ಟರು.

ಹುಳ ಇದಕ್ಕಿಂತ ಚಿಕ್ಕದಾಗಿದ್ದು ಆ ಮುಂಚಾಚು ಇಲ್ಲದಿದ್ದರೆ ಅದು ಕ್ರಿಸಿಸ್ ಎಂಬ ಕುಲದ್ದಿರಬಹುದು. ಅಲ್ಲಿ ಹಲ್ಲುಗಳ ಲೆಕ್ಕ ಜಾತಿಯಿಂದ ಜಾತಿಗೆ ಬೇರೆ, ಕೆಲವಕ್ಕೆ ಹಲ್ಲೇ ಇಲ್ಲ. ಅವುಗಳನ್ನು ಫೋಟೋ ನೋಡಿ ಕುಲದವರೆಗೆ ಹೇಳಿ ನಿಲ್ಲಿಸುವುದು ಪ್ರಾಮಾಣಿಕ ಕೆಲಸ. ಮೋಸ ಹೋಗಲು ಇನ್ನೂ ದಾರಿಗಳಿವೆ. ನೀಲಿ ನೊಣಕ್ಕೆ ರೆಕ್ಕೆ ಎರಡೇ. ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದೆವಲ್ಲ ಜೀರ್ಜಿಂಬೆ, ಅದರ ಬೆನ್ನಿಗೆ ಗಟ್ಟಿ ಮುಚ್ಚಳ. ಬಚ್ಚಲುಮನೆಯಲ್ಲಿ ಜಿರಲೆಯನ್ನು ಮೀಸೆ ಹಿಡಿದು ನಡೆಸಿಕೊಂಡು ಹೋಗುವ ಹಸಿರು ಕಣಜವೂ ಲೋಹದ ಬಣ್ಣದ್ದೇ, ಆದರೆ ಅದಕ್ಕೆ ಉದ್ದ ಕತ್ತು, ತೊಡೆ ಕೆಂಪು.

ಇದು ಮುಚ್ಚಿದ ಕೋಣೆಯೊಳಗೆ ಹೇಗೆ ಸೇರಿತು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಕೆಲವು ಕೋಗಿಲೆ ಕಣಜಗಳು ಗೂಡು ತೆರೆದಿರುವಾಗಲೇ ಒಳನುಗ್ಗುತ್ತವೆ. ಈ ಜಾತಿ ಹಾಗಲ್ಲ. ಆಮೇಲೊಂದು ಮಧ್ಯಾಹ್ನ ಚಂದ್ರವಳ್ಳಿಯ ಬಂಡೆಯ ಅಡಿಯಲ್ಲಿ ಕುಂಬಾರ ಹುಳದ ಗೂಡಿನ ಮೇಲೆ ಇಂಥದ್ದೇ ಒಂದು ಹೆಣ್ಣು ಕೂತಿದ್ದನ್ನು ಕಂಡು ಅಲ್ಲೇ ನಿಂತೆ. ಕುಡಿಮೀಸೆಯಿಂದ ಗೋಡೆ ತಟ್ಟುತ್ತ, ತೆಂಗಿನಕಾಯಿ ಆರಿಸುವವರ ಹಾಗೆ ಒಂದೊಂದೇ ಕೋಣೆ ದಾಟುತ್ತಿತ್ತು. ಒಂದು ಕಡೆ ನಿಂತು ಬಾಯಿಂದ ಮಣ್ಣು ಒದ್ದೆ ಮಾಡಿತು, ಕೆರೆಯಿತು, ಮತ್ತೆ ಒದ್ದೆ ಮಾಡಿತು. ತೂತಾದ ಮೇಲೆ ತಿರುಗಿ ಕೂತು ಆ ಕೊಳವೆಯನ್ನು ಒಳಗೆ ಇಳಿಸಿತು. ಒಳಗಿನ ಮರಿ ಬುತ್ತಿಯನ್ನೆಲ್ಲ ತಿಂದು ಕೊಬ್ಬಿದ ಹೊತ್ತಿಗೆ ಇದರ ಮೊಟ್ಟೆ ಒಡೆಯುತ್ತದೆ. ಕೊನೆಗೆ ಅದೇ ಒದ್ದೆ ಮಣ್ಣಿನಿಂದ ತೂತು ಮುಚ್ಚಿ ಹಾರಿಹೋಯಿತು. ಹತ್ತಿರ ಹೋಗಿ ನೋಡಿದೆ. ಒಣಗದ ಒಂದು ಚುಕ್ಕೆ, ಅಷ್ಟೇ. ಗೆದ್ದಲು ಕಟ್ಟಿದ ಹುತ್ತ ಹಾವಿಗಾಯಿತು ಅನ್ನುತ್ತೇವೆ, ಆದರೆ ಹಾವು ಬಾಗಿಲು ಮುಚ್ಚಿ ಗಾರೆ ಮೆತ್ತಿ ಹೋಗುವುದಿಲ್ಲ.

ನನ್ನ ಬಾಟಲಿಯ ಹುಳವನ್ನು ಪಿನ್ನಿಗೆ ಚುಚ್ಚಲಿಲ್ಲ. ಹೊಸ ಜಾತಿಯನ್ನು ವಿವರಿಸುವವರಿಗೆ ಮಾದರಿ ಬೇಕೇ ಬೇಕು, ಆ ಕೆಲಸದ ಮೇಲೆ ನನಗೆ ಗೌರವವಿದೆ. ಇದು 250 ವರ್ಷದ ಹಿಂದೆಯೇ ಹೆಸರು ಪಡೆದ ಜಾತಿ, ನನಗೆ ಟಿಪ್ಪಣಿ ಸಾಕಾಗಿತ್ತು. ತಾರೀಕು, ಊರು, ಯಾರ ಗೂಡು, ಉದ್ದ, ಮುಂಚಾಚಿನ ಹಳ್ಳ, ನಾಲ್ಕು ಹಲ್ಲು ಎಂದು ಬರೆದುಕೊಂಡೆ. ಪಕ್ಕದಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆದು ಅಂಗಳದಲ್ಲಿ ಬಿಟ್ಟೆ.

ನೀವು ಸುಣ್ಣ ಬಳಿಸುವಾಗ ಇಂಥ ಗೂಡು ಸಿಕ್ಕರೆ ಕೋಣೆಗಳನ್ನು ಒಮ್ಮೆ ನೋಡಿ. ಎಲ್ಲಕ್ಕೂ ತೂತಿದ್ದರೆ ಖಾಲಿ ಮನೆ, ತೆಗೆಯಬಹುದು. ಮುಚ್ಚಿದ್ದು ಒಂದಾದರೂ ಇದ್ದರೆ ಬಾಟಲಿಗೆ ಹಾಕಿ ಬಟ್ಟೆ ಕಟ್ಟಿಡಿ. ಹಳದಿ ಕಾಲಿನದು ಬಂದ ಮೇಲೆ ಬಾಟಲಿ ತೊಳೆದಿಡಬೇಡಿ, ಇನ್ನೂ ಕೆಲವು ವಾರ ಹಾಗೇ ಬಿಡಿ.