ಗಾರೆ ಇಲ್ಲದ ಗೋಡೆ ಅಟ್ಲಾಂಟಿಕ್ ಗಾಳಿಗೆ ಯಾಕೆ ಬೀಳಲ್ಲ?

[ದೃಶ್ಯ: ಆರನ್ ದ್ವೀಪ. ಗೋಡೆಯ ಕಿಂಡಿಗಳಲ್ಲಿ ಸಮುದ್ರ]

ಗೋಡೆ ತುಂಬ ಕಿಂಡಿ, ಆಚೆ ಸಮುದ್ರ ಕಾಣ್ತಿದೆ. ಕಟ್ಟಿದವರಿಗೆ ಕೆಲಸ ಬರ್ತಿರಲಿಲ್ಲ ಅಂದ್ಕೋಬೇಡಿ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಈ ದ್ವೀಪಗಳಲ್ಲಿ ಗಾಳಿಯನ್ನ ಪೂರ್ತಿ ತಡೆಯೋಕೆ ಹೋದ್ರೆ ಒಂದೇ ಕಲ್ಲಿನಷ್ಟು ದಪ್ಪ ಇರೋ ಗೋಡೆ ಉರುಳುತ್ತೆ. ಕಿಂಡಿ ಇದ್ರೆ ಗಾಳಿ ಸೋಸಿ, ರಭಸ ಕಳ್ಕೊಂಡು ಆಚೆ ಹೋಗುತ್ತೆ.

ಇಲ್ಲಿನ ಒಂದು ಬಗೆ ಫೆಡೀನ್. ಉದ್ದನೆಯ ಸುಣ್ಣಕಲ್ಲುಗಳನ್ನ ಅಲ್ಲಲ್ಲಿ ನೆಟ್ಟಗೆ ನಿಲ್ಲಿಸ್ತಾರೆ. ಇವು ತಾಯಿಕಲ್ಲು. ನಡುವೆ ಸಣ್ಣ ಕಲ್ಲು ತುಂಬಿ, ಮೇಲೆ ದೊಡ್ಡವನ್ನ ಹೇರಿ ಬಿಗಿ ಮಾಡ್ತಾರೆ. ಎಷ್ಟೋ ಹೊಲಕ್ಕೆ ಗೇಟೇ ಇಲ್ಲ, ದ್ವೀಪದಲ್ಲಿ ಮರ ಅಪರೂಪ ನೋಡಿ! ಒಂದು ಕಡೆ ದುಂಡು ಕಲ್ಲು ಪೇರಿಸಿರ್ತಾರೆ. ಅದನ್ನ ಕೆಡವಿ ದನ ಹೊಡ್ಕೊಂಡು ಹೋಗಿ, ಮತ್ತೆ ಪೇರಿಸ್ತಾರೆ.

[ದೃಶ್ಯ: ಜೋಡಿ ಗೋಡೆಯ ಅಡ್ಡ ಸೀಳು ಚಿತ್ರ]

ಇನ್ನೊಂದು ಬಗೆ, ಜೋಡಿ ಗೋಡೆ. ಎರಡು ಮುಖ, ನಡುವೆ ಚೂರುಗಲ್ಲು. ಬುಡ 30 ಇಂಚು ಇದ್ರೆ 4 ಅಡಿ ಎತ್ತರದಲ್ಲಿ ಅಗಲ 15 ಇಂಚಿಗೆ ಇಳೀಬೇಕು, ಅಂದ್ರೆ ಎರಡೂ ಮುಖ ಒಳಕ್ಕೆ ವಾಲಿರ್ಬೇಕು. ಅರ್ಧ ಎತ್ತರಕ್ಕೆ ಬಂದಾಗ, ಸುಮಾರು 3 ಅಡಿಗೊಂದರಂತೆ, ಎರಡೂ ಮುಖ ಮುಟ್ಟೋ ಉದ್ದ ಕಲ್ಲು ಹಾಕಿ. ಪ್ರತಿ ಕಲ್ಲೂ ಕೆಳಗಿನ ಎರಡು ಕಲ್ಲಿನ ಮೇಲೆ ಕೂರ್ಬೇಕು. ಸಂದಿನ ಮೇಲೆ ಸಂದು ಬಂದ್ರೆ ಗೋಡೆ ಅಲ್ಲೇ ಸೀಳುತ್ತೆ.

ಹೊಸಬರು ಮಾಡೋ ತಪ್ಪು ಎರಡು. ಚೆಂದ ಕಾಣ್ಲಿ ಅಂತ ಕಲ್ಲಿನ ಉದ್ದ ಬದಿಯನ್ನ ಹೊರಮುಖಕ್ಕೆ ಇಡ್ತಾರೆ. ಉದ್ದ ಗೋಡೆಯೊಳಗೆ ಹೋಗ್ಬೇಕು, ಇಲ್ದಿದ್ರೆ ಕಲ್ಲಿಗೆ ಹಿಡಿತ ಇರಲ್ಲ. ಎರಡನೇದು ಇನ್ನೂ ಕೆಟ್ಟದ್ದು: ಮುಖ ಪೂರ್ತಿ ಎಬ್ಬಿಸಿ ಆಮೇಲೆ ಚೂರುಗಲ್ಲನ್ನ ಬುಟ್ಟಿಯಿಂದ ಸುರಿಯೋದು. ಅದು ಕೆಳಕ್ಕೆ ಕುಸೀತಾ ಮುಖಗಳನ್ನ ಹೊರಕ್ಕೆ ತಳ್ಳುತ್ತೆ, ಗೋಡೆಗೆ ಹೊಟ್ಟೆ ಬರುತ್ತೆ. ಪ್ರತಿ ವರಸೆಗೂ ಕೈಯಲ್ಲೇ ಒತ್ತಿ ಕೂರಿಸ್ಬೇಕು.

[ದೃಶ್ಯ: ಹುಲ್ಲು ಮುಚ್ಚಿದ ದುಂಡು ದಿಬ್ಬ]

ಕಲ್ಲು ಕಡಿಮೆ ಬಿತ್ತು, ಪಕ್ಕದಲ್ಲೇ ಇಂಥ ಹಳೇ ದುಂಡು ಕೋಟೆ, ಅಂದ್ರೆ ಹಿಂದಿನವರು ವಾಸದ ಸುತ್ತ ಎಬ್ಬಿಸಿದ ದುಂಡು ಆವರಣ, ಇದೆ ಅಂದ್ಕೊಳ್ಳಿ. ಆದ್ರೂ ಅಲ್ಲಿಂದ ತರೋ ಹಾಗಿರಲಿಲ್ಲ. ಅದು 'ಒಳ್ಳೇ ಜನ'ರ ಮನೆ. ಫೇರಿಗಳಿಗೆ, ಅಂದ್ರೆ ಐರಿಷ್ ಜಾನಪದದ ಮಾಯಾ ಜೀವಿಗಳಿಗೆ, ಈ ಹೆಸರು ಬಂದಿದ್ದು ಪ್ರೀತಿಯಿಂದಲ್ಲ, ಭಯದಿಂದ. ಮನೆ ಕಟ್ಟೋ ಮುಂಚೆ ನಾಲ್ಕು ಮೂಲೆಗೆ ಕಲ್ಲಿಟ್ಟು ಒಂದು ರಾತ್ರಿ ಬಿಡೋ ಪದ್ಧತಿಯೂ ಇತ್ತು. ಬೆಳಗ್ಗೆ ಕಲ್ಲು ಕದಲಿದ್ರೆ ಅದು ಅವರು ಓಡಾಡೋ ದಾರಿ, ಬೇರೆ ಜಾಗ ನೋಡ್ಕೋಬೇಕು. ರಾತ್ರಿ ಕುರಿ ತಾಗಿ ಕದಲಿರಬಹುದಲ್ಲ ಅಂತ ವಾದ ಮಾಡೋರೂ ಅಲ್ಲಿ ಪಾಯ ತೋಡ್ತಿರಲಿಲ್ಲ.