ಹನ್ನೆರಡು ವರ್ಷಗಳ ನಂತರ ಬಂದ ಕಪ್

ಕೇಳುಗರಿಗೆ ನಮಸ್ಕಾರ.

ತುಮಕೂರಿನ ಮೈದಾನಗಳಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್ ಆಡುವ ಮಕ್ಕಳನ್ನು ಬಹುಕಾಲದಿಂದ ನೋಡುತ್ತಾ ಬಂದಿದ್ದೇನೆ. ಅವರಲ್ಲಿ ಒಳ್ಳೊಳ್ಳೆಯವರೇ ಡಿಗ್ರಿ ಮುಗಿಯುತ್ತಿದ್ದಂತೆ ‘ವಯಸ್ಸಾಯಿತು ಸಾರ್’ ಎಂದು ಆಟ ಬಿಡುತ್ತಾರೆ. ನನಗೆ ಸಂಕಟವಾಗುತ್ತದೆ. ಅವರಿಗೆಂದೇ ಇಂದು ಫಿಲಿಪ್ಪೀನ್ಸ್ ದೇಶದ ರಫೆಲ್ ನೆಪೊಮುಸೆನೊ ಅವರ ವಿಷಯ ಹೇಳುತ್ತೇನೆ. ಅವರ ನಾಡಿನ ಜನ ಅವರನ್ನು ಪ್ರೀತಿಯಿಂದ ಪಾಯೆಂಗ್ ಎಂದು ಕರೆಯುತ್ತಾರೆ.

ಅವರದು ಟೆನ್‌ಪಿನ್ ಬೌಲಿಂಗ್. ತ್ರಿಕೋನವಾಗಿ ನಿಲ್ಲಿಸಿದ ಹತ್ತು ಪಿನ್ನುಗಳನ್ನು ಚೆಂಡು ಉರುಳಿಸಿ ಬೀಳಿಸುವ ಆಟ. ಎಸೆಯುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಕ್ರಿಕೆಟ್ ಪಿಚ್ಚಿಗಿಂತ ಆರು ಅಡಿ ಕಡಿಮೆ. ಚೆಂಡಿನ ತೂಕ ಹೆಚ್ಚೆಂದರೆ 16 ಪೌಂಡ್, ಅಂದರೆ ಏಳು ಕಿಲೋಗೂ ಮಿಕ್ಕಿ. ಒಂದೇ ಎಸೆತಕ್ಕೆ ಹತ್ತೂ ಬಿದ್ದರೆ ಸ್ಟ್ರೈಕ್. ಸತತ ಹನ್ನೆರಡು ಸ್ಟ್ರೈಕ್ ಬಿದ್ದರೆ ಆಟದ ಗರಿಷ್ಠ 300 ಅಂಕ.

ಕಷ್ಟವಿರುವುದು ಎಣ್ಣೆಯಲ್ಲಿ. ಚೆಂಡು ಉರುಳುವ ಹಾದಿಯ ಬಹುಭಾಗಕ್ಕೆ ತೆಳುವಾಗಿ ಎಣ್ಣೆ ಸವರಿರುತ್ತಾರೆ. ಪಿನ್ನುಗಳ ಹತ್ತಿರದ ಭಾಗ ಒಣಗಿರುತ್ತದೆ. ಎಣ್ಣೆಯ ಮೇಲೆ ಜಾರುವ ಚೆಂಡು ಒಣ ಜಾಗಕ್ಕೆ ಬಂದೊಡನೆ ಹಿಡಿತ ಸಿಕ್ಕಿ ತಿರುಗುತ್ತದೆ. ಹಾಗೆ ತಿರುಗಿ, ಮೊದಲ ಪಿನ್ನಿಗೂ ಅದರ ಪಕ್ಕದ್ದಕ್ಕೂ ನಡುವೆ ಓರೆಯಾಗಿ ನುಗ್ಗಬೇಕು. ಮೊದಲ ಪಿನ್ನಿಗೆ ನೇರವಾಗಿ ಬಡಿದರೆ ಎಷ್ಟೋ ಸಲ ಎರಡೂ ಬದಿಗೆ ಪಿನ್ನುಗಳು ಉಳಿದುಬಿಡುತ್ತವೆ. ಆಡುತ್ತಾ ಹೋದಂತೆ ಎಣ್ಣೆ ಕದಡುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಎಸೆತ ಮಧ್ಯಾಹ್ನಕ್ಕೆ ತಪ್ಪಾಗುತ್ತದೆ. ಎಣ್ಣೆ ಕಣ್ಣಿಗೆ ಕಾಣುವುದಿಲ್ಲ. ಚೆಂಡು ಹೋದ ಬಗೆಯನ್ನು ನೋಡಿಯೇ ತಿಳಿಯಬೇಕು.

1976ರಲ್ಲಿ ಟೆಹರಾನ್‌ನಲ್ಲಿ ಬೌಲಿಂಗ್ ವಿಶ್ವಕಪ್ ಗೆದ್ದಾಗ ಎಡಗೈ ಆಟಗಾರ ಪಾಯೆಂಗ್ ಅವರಿಗೆ 19 ವರ್ಷ. 1980ರಲ್ಲಿ ಜಕಾರ್ತದಲ್ಲಿ ಮತ್ತೆ ಗೆದ್ದರು. ಆಮೇಲೆ ಹನ್ನೆರಡು ವರ್ಷ ಆ ಕಪ್ ಅವರ ಕೈಗೆ ಬರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ಈ ಹನ್ನೆರಡು ವರ್ಷಗಳೇ. ಅಷ್ಟರಲ್ಲಿ ಆಟದ ಸಲಕರಣೆಯೇ ಬದಲಾಯಿತು. ಅವರು ಮೊದಲು ಗೆದ್ದ ಕಾಲದಲ್ಲಿ ಪ್ಲಾಸ್ಟಿಕ್ ಚೆಂಡುಗಳಿದ್ದವು. 80ರ ದಶಕದ ಆರಂಭದಲ್ಲಿ ಯುರೆಥೇನ್ ಎಂಬ ವಸ್ತುವಿನ ಚೆಂಡು ಬಂತು, 90ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಎಂಬುದರ ಚೆಂಡು. ಪ್ರತಿ ಬಾರಿಯೂ ಚೆಂಡು ಹಿಂದಿಗಿಂತ ಗಟ್ಟಿಯಾಗಿ ಹಿಡಿದು ತಿರುಗತೊಡಗಿತು. ಹತ್ತೊಂಬತ್ತರ ಹರೆಯದಲ್ಲಿ ಕೈಗೆ ಕೂತಿದ್ದ ಲೆಕ್ಕವನ್ನೇ ನೆಚ್ಚಿಕೊಂಡು ಕೂತವರಿಗೆ ಅಲ್ಲಿ ಜಾಗವಿರಲಿಲ್ಲ. ವಿಶ್ವವಿಜೇತರಾದವರು ಹೊಸ ಚೆಂಡಿನ ಮುಂದೆ ಮತ್ತೆ ಕಲಿಯುವವರಾಗಿ ನಿಲ್ಲುವುದು ಸಣ್ಣ ಮಾತಲ್ಲ. ಮೊದಲ ಕಪ್ಪಿಗಿಂತ ಇದೇ ದೊಡ್ಡ ಸಾಧನೆ ಎಂದು ನಾನು ತಿಳಿದಿದ್ದೇನೆ.

1992ರಲ್ಲಿ ಫ್ರಾನ್ಸಿನ ಲೆ ಮಾನ್‌ನಲ್ಲಿ ಮೂರನೆಯ ಕಪ್ ಬಂತು. ಆಗ ಅವರಿಗೆ 35. 1996ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ನಾಲ್ಕನೆಯದು, 39ರ ವಯಸ್ಸಿನಲ್ಲಿ. ಮೂರು ಬೇರೆ ಬೇರೆ ದಶಕಗಳಲ್ಲಿ ನಾಲ್ಕು ವಿಶ್ವಕಪ್. ಗಿನ್ನೆಸ್ ದಾಖಲೆಯಲ್ಲಿ ಅವರ ಹೆಸರಿದೆ. 1999ರಲ್ಲಿ, 42ನೆಯ ವಯಸ್ಸಿನಲ್ಲಿ, ವಿಶ್ವ ಟೆನ್‌ಪಿನ್ ಮಾಸ್ಟರ್ಸ್ ಪ್ರಶಸ್ತಿಯನ್ನೂ ಗೆದ್ದರು.

ನಮ್ಮೂರಿನ ಕ್ರೀಡಾಸಂಘಗಳಲ್ಲಿ ನನ್ನದೊಂದು ಕೋರಿಕೆ. ಊರಹಬ್ಬಕ್ಕೋ ಗಣೇಶೋತ್ಸವಕ್ಕೋ ಪಂದ್ಯ ಏರ್ಪಡಿಸುವಾಗ ಮೂವತ್ತು ದಾಟಿದವರಿಗೂ ಒಂದು ವಿಭಾಗ ಇಡಿ. ಗಂಡಸರಿಗೆ ಮಾತ್ರವಲ್ಲ, ಹೆಂಗಸರಿಗೂ. ಇನ್ನು ಬೆಂಗಳೂರಿಗೆ ಹೋದಾಗ ಬೌಲಿಂಗ್ ಆಡಿ ನೋಡುವ ಆಸೆಯಿದ್ದವರು ಮೊದಲ ದಿನ ಹಗುರ ಚೆಂಡನ್ನೇ ಆರಿಸಿಕೊಳ್ಳಿ, ಎಸೆಯುವಾಗ ಗೆರೆ ದಾಟಬೇಡಿ. ದಾಟಿದರೆ ಹತ್ತು ಪಿನ್ ಬಿದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ನಮಸ್ಕಾರ.